ಬನಶಂಕರಿ ಜಾತ್ರೆಗೆ ಮುನ್ನ ಎದೆ ಒತ್ತುವುದನ್ನು ಕಲಿಸಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಬಾದಾಮಿ ತಾಲ್ಲೂಕಿನ ಸಂತೆಯೊಂದರಲ್ಲಿ ಕಾಯಿಪಲ್ಲೆ ಕೊಳ್ಳುತ್ತಿದ್ದ ಐವತ್ತರ ಆಸುಪಾಸಿನವರೊಬ್ಬರು ನಿಂತಲ್ಲಿಯೇ ಕುಸಿದು ಬಿದ್ದರು. ನೆರೆದವರಲ್ಲಿ ಒಬ್ಬರು ಟವೆಲ್‌ನಿಂದ ಗಾಳಿ ಬೀಸಿದರು, ಒಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು, ಮತ್ತೊಬ್ಬರು ಬಾಯಿಗೆ ನೀರು ಬಿಟ್ಟರು. 108ಕ್ಕೆ ಕರೆ ಮಾಡಿದವನು ನಾನು. ಆದರೆ ವಾಹನ ಬರುವವರೆಗೆ ಅವರ ಎದೆಯನ್ನು ಒತ್ತುತ್ತಿರಬೇಕೆಂಬುದು ಅಷ್ಟು ಜನರಲ್ಲಿ ಯಾರಿಗೂ ತಿಳಿದಿರಲಿಲ್ಲ, ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನನಗೂ ತಿಳಿದಿರಲಿಲ್ಲ. ಅವರು ಉಳಿಯಲಿಲ್ಲ.

ಹೃದಯಾಘಾತವೇ ಬೇರೆ, ಹೃದಯ ಸ್ತಂಭನವೇ ಬೇರೆ ಎಂಬುದನ್ನು ಪರಿಚಯದ ವೈದ್ಯರು ಆಮೇಲೆ ತಿಳಿಸಿಕೊಟ್ಟರು. ಮೊದಲನೆಯದರಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ, ರೋಗಿಗೆ ಸಾಮಾನ್ಯವಾಗಿ ಪ್ರಜ್ಞೆ ಇರುತ್ತದೆ; ನಮ್ಮಲ್ಲಿ ಅನೇಕರು ಅದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಅಮೂಲ್ಯ ಸಮಯ ಕಳೆಯುತ್ತಾರೆ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿರುವುದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಎರಡನೆಯದಾದ ಹೃದಯ ಸ್ತಂಭನದಲ್ಲಿ ಬಡಿತವೇ ನಿಂತು ಕುಸಿದವರು ಆ ಆಸ್ಪತ್ರೆಯ ಬಾಗಿಲವರೆಗಾದರೂ ಬದುಕಿ ತಲುಪಬೇಕಲ್ಲವೇ? ಏನೂ ಮಾಡದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಕರೆದರೆ ಓಗೊಡದ, ಸರಿಯಾಗಿ ಉಸಿರಾಡದ ವ್ಯಕ್ತಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, 5 ಸೆಂಟಿಮೀಟರ್‌ಗೆ ಕಡಿಮೆಯಿಲ್ಲದಂತೆ ಒತ್ತುತ್ತಲೇ ಇರಬೇಕು. ಓದಿ ತಿಳಿದರೆ ಸಾಲದು, ತರಬೇತಿಗೆಂದೇ ಇರುವ ಗೊಂಬೆಯ ಮೇಲೆ ಒಮ್ಮೆಯಾದರೂ ಒತ್ತಿ ನೋಡಬೇಕು; ಆ ಅಭ್ಯಾಸವಿಲ್ಲದ ಕೈ ಬೇರೆಯವರ ಎದೆ ಮುಟ್ಟಲು ಹಿಂಜರಿಯುತ್ತದೆ.

ಬನದ ಹುಣ್ಣಿಮೆಗೆ ಬನಶಂಕರಿಯಲ್ಲಿ ಸೇರುವ ಜನಸಾಗರ ಎಲ್ಲರಿಗೂ ಗೊತ್ತಿದ್ದದ್ದೇ. ತೇರಿನ ಬಳಿ ನಿಲ್ಲುವ ಗೃಹರಕ್ಷಕರು, ರಾತ್ರಿಯಿಡೀ ದುಡಿಯುವ ನಾಟಕ ಕಂಪನಿಗಳ ಕೆಲಸಗಾರರು, ಸಾರಿಗೆ ಬಸ್ಸುಗಳ ನಿರ್ವಾಹಕರು, ಅಂಗಡಿಕಾರರು, ಇವರಿಗೆ ಜಾತ್ರೆಗೆ ಮುಂಚೆಯೇ ಬಾಗಲಕೋಟೆ ಜಿಲ್ಲಾಡಳಿತ ಅರ್ಧ ದಿನದ ತರಬೇತಿ ಕೊಡಿಸಬೇಕು. ಜೊತೆಗೆ ದೇವಸ್ಥಾನದ ಆವರಣದಲ್ಲಿ ಮತ್ತು ಬಾದಾಮಿ ಬಸ್ ನಿಲ್ದಾಣದಲ್ಲಿ, ಹೃದಯದ ಬಡಿತವನ್ನು ತಾನೇ ಪರೀಕ್ಷಿಸಿ ಅಗತ್ಯವಿದ್ದರೆ ಮಾತ್ರ ಶಾಕ್ ಕೊಡುವ ಎಇಡಿ ಯಂತ್ರವನ್ನು ಬೀಗ ಹಾಕದೆ, ಕಣ್ಣಿಗೆ ಬೀಳುವ ಜಾಗದಲ್ಲಿ, ಕನ್ನಡ ಫಲಕದೊಂದಿಗೆ ಇಡಿಸಬೇಕು. ತರಬೇತಿಯ ದಿನ ಗೊತ್ತಾದರೆ ನಾವು ಕೆಲವು ನಿವೃತ್ತ ಶಿಕ್ಷಕರೂ ಬಂದು ಕಲಿಯಲು ಸಿದ್ಧರಿದ್ದೇವೆ.

– ನಿವೃತ್ತ ವಿಜ್ಞಾನ ಶಿಕ್ಷಕ, ಬಾದಾಮಿ