ವಿಷಯ: ಬಲಗಡೆಯ ಟವರ್ ಸ್ಪೀಕರ್ ಮತ್ತು ನನ್ನ ಕಿವಿ

ಶೋರೂಮಿನ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಹನ್ನೊಂದು ಸಲ ಫೋನ್ ಮಾಡಿದ್ದೇನೆ. ಹನ್ನೊಂದು ಸಲವೂ "ಟೆಕ್ನೀಷಿಯನ್ ನಾಳೆ ಕಾಲ್ ಮಾಡ್ತಾರೆ ಸರ್" ಎಂದಿರಿ. ಆ ನಾಳೆ ಇನ್ನೂ ಬಂದಿಲ್ಲ. ಮೊನ್ನೆ ಬಂದದ್ದು ನಿಮ್ಮ ಮೆಸೇಜು: ಆಂಪ್ಲಿಫೈಯರ್ ಸರಿಯಾಗಿ ಬಳಸದೆ ಬಲಗಡೆಯ ಸ್ಪೀಕರಿನ ಟ್ವೀಟರ್, ಅಂದರೆ ಕೀರಲು ಸ್ವರ ನುಡಿಸುವ ಪುಟ್ಟ ಭಾಗ, ಸುಟ್ಟಿದೆ, ವಾರಂಟಿ ಸಿಗುವುದಿಲ್ಲ. ಇನ್ನು ಫೋನ್ ಸಾಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಸಿಟ್ಟು ಮಾಡಿಕೊಳ್ಳದೆ ಬರೀರಿ ಅಂತ ನಮ್ಮ ಮನೆಯವರು ಹೇಳಿದ್ದಾರೆ. ಪ್ರಯತ್ನ ಮಾಡುತ್ತೇನೆ.

ಆಗಸ್ಟ್ 9ರಂದು ನಿಮ್ಮಲ್ಲಿ ಒಂದು ಜೊತೆ ಟವರ್ ಸ್ಪೀಕರ್ ತೆಗೆದುಕೊಂಡೆ. 1,48,000 ರೂಪಾಯಿ. ಅದೇ ಬಿಲ್ಲಿನಲ್ಲಿ ಅವನ್ನು ನುಡಿಸುವ ಆಂಪ್ಲಿಫೈಯರ್, ಅಂದರೆ ಎವಿಆರ್, 62,000. ಹದಿನಾಲ್ಕು ವರ್ಷದಿಂದ ನಮ್ಮಲ್ಲಿದ್ದದ್ದು ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್. ಮಗನಿಗೆ ಸಿನಿಮಾ ಬೇಕು, ನನಗೆ ಸಂಗೀತ ಬೇಕು. ನಿಮ್ಮ ಹುಡುಗ ಐದು ಚಿಕ್ಕ ಸ್ಪೀಕರ್, ಒಂದು ಸಬ್‌ವೂಫರ್ ಇರುವ ಪ್ಯಾಕೇಜ್ ತೋರಿಸಿದ. ನಾನು ಬೇಡ ಎಂದೆ. ಸಿನಿಮಾದ ಮಾತು ಬರುವುದು ಸೆಂಟರ್ ಸ್ಪೀಕರಿನಿಂದ, ಗುಡುಗು ಬರುವುದು ಸಬ್‌ವೂಫರಿನಿಂದ. ಅವನ್ನು ಮುಂದಿನ ವರ್ಷ ತಂದರೂ ನಡೆಯುತ್ತದೆ. ಹಾಡು ಕೇಳುವಾಗ ದುಡಿಯುವುದು ಎದುರಿಗಿರುವ ಎಡಬಲದ ಎರಡೇ. 12 ಅಡಿಗೆ 15 ಅಡಿಯ ಹಾಲಿನಲ್ಲಿ ಮೃದಂಗದ ಎಡಭಾಗ ಸಬ್‌ವೂಫರ್ ಇಲ್ಲದೆಯೂ ತುಂಬಿಕೊಂಡು ಬರಬೇಕು ಅಂತಲೇ ಟವರ್ ಆರಿಸಿದೆ.

ಇನ್ನೊಂದು ಮಾತೂ ಆವತ್ತು ಕೇಳಿದ್ದೆ. ಸ್ಪೀಕರ್ 4 ಓಮ್. ಈ ಓಮ್, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ, ಕಡಿಮೆಯಾದಷ್ಟೂ ಎವಿಆರ್ ಮೇಲೆ ಭಾರ ಹೆಚ್ಚು. ಎವಿಆರ್ ಹಿಂದೆ 6 ಓಮ್‌ಗಿಂತ ಕಡಿಮೆ ಇರುವುದನ್ನು ಹಾಕಬೇಡಿ ಅಂತ ಬರೆದಿದೆಯಲ್ಲಪ್ಪಾ? ನಿಮ್ಮ ಹುಡುಗ ನಕ್ಕ. "ಅದೆಲ್ಲ ಸುಮ್ನೆ ಪ್ರಿಂಟ್ ಮಾಡಿರ್ತಾರೆ ಸರ್, ದಿನಕ್ಕೆ ಹತ್ತು ಜನಕ್ಕೆ ಇದೇ ಜೋಡಿ ಕೊಡ್ತೀವಿ." ಆ ಹತ್ತು ಜನ ಈಗ ಹೇಗಿದ್ದಾರೋ.

ಮೂರನೇ ದಿನ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಹಾಕಿಕೊಂಡು ಕೂತೆ. ನಾದವಿದೆ, ಮೀಟು ಇಲ್ಲ. ಉಗುರು ತಂತಿಗೆ ತಾಗುವ ಆ 'ಟಿಣ್' ಎಡಗಡೆಯಿಂದ ಬರುತ್ತಿದೆ, ಬಲಗಡೆಯಿಂದ ಬರೀ ಗುಂಯ್. ಮೊದಲು ಹಿಂದಿನ ಟರ್ಮಿನಲ್‌ಗಳ ನಡುವೆ ಟ್ವೀಟರಿಗೆ ಸಂಪರ್ಕ ಕೊಡುವ ಜಂಪರ್ ಪಟ್ಟಿ ಸಡಿಲವಾಗಿದೆಯೇ ನೋಡಿದೆ. ಗಟ್ಟಿಯಾಗಿಯೇ ಇತ್ತು. ಎಡಬಲದ ವೈರು ಅದಲುಬದಲು ಮಾಡಿದೆ. ಮಂಕು ಅದೇ ಪೆಟ್ಟಿಗೆಯಲ್ಲಿ ಉಳಿಯಿತು, ಅಂದರೆ ಎವಿಆರ್‌ದೂ ವೈರಿನದೂ ತಪ್ಪಿಲ್ಲ. ಪೇಪರನ್ನು ಕೊಳವೆಯ ಹಾಗೆ ಸುತ್ತಿ ಟ್ವೀಟರಿಗೆ ಹಿಡಿದು ಕಿವಿಯಿಟ್ಟೆ. ಉಸಿರೇ ಇಲ್ಲ. ಅದೇ ದಿನ ನಿಮಗೆ ಫೋನ್ ಮಾಡಿದೆ. ಬಿಲ್ಲಿನ ಹಿಂದಿನ 6ನೇ ನಿಯಮ, ಆ 15 ದಿನದ್ದು, ನಿಮಗೆ ಬಾಯಿಪಾಠ ಇರಲೇಬೇಕು. ನಾನು ಅದನ್ನಿಲ್ಲಿ ಬರೆಯುವುದಿಲ್ಲ.

ಹನ್ನೆರಡನೇ ದಿನ, ಶನಿವಾರ, 26 ಕಿಲೋ ತೂಕದ ಸ್ಪೀಕರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮೈಸೂರಿನಿಂದ ಬೆಂಗಳೂರಿಗೆ ಬಂದೆವು. ಅದಕ್ಕೆ ಕುಲುಕಾಟ ಆಗಬಾರದು ಅಂತ ನಿಧಾನವಾಗಿ ಬಂದು, ತಡವಾಗಿ, ಮದ್ದೂರಿನಲ್ಲಿ ವಡೆಗೂ ನಿಲ್ಲಲಿಲ್ಲ. ಮುಂದೆ ನಡೆದದ್ದು ನಿಮಗೆ ಮರೆತಿರಬಹುದು. ನನಗೆ ಮರೆತಿಲ್ಲ.

ನೀವು ವೀಣೆ ಹಾಕಲಿಲ್ಲ. ಯಾವುದೋ ಬಾಂಬ್ ಸಿಡಿಯುವ ದೃಶ್ಯ ಹಾಕಿದಿರಿ. "ಬೇಸ್ ಬರ್ತಿದೆಯಲ್ಲಾ ಸರ್?" ಬೇಸ್ ಬಗ್ಗೆ ನಾನು ದೂರಿಲ್ಲ ಎಂದೆ. ಆಗ ನೀವು ಕುರ್ಚಿ ಎಳೆದುಕೊಂಡು, ಡಾಕ್ಟರ ಹಾಗೆ ಮುಂದೆ ಬಾಗಿ, "ಸರ್ ವಯಸ್ಸೆಷ್ಟು?" ಎಂದಿರಿ. ಅರವತ್ತೆರಡು. "ಅಯ್ಯೋ, ಅದೇ ನೋಡಿ." ಜೇಬಿನಿಂದ ಮೊಬೈಲ್ ತೆಗೆದು ಏನೋ ಒತ್ತಿದಿರಿ. "ಇದು 15 ಕಿಲೋಹರ್ಟ್ಸ್, ತುಂಬಾ ಹೈ ಪಿಚ್ ಸೌಂಡು. ಕೇಳಿಸ್ತಾ?" ಇಲ್ಲ. ಕೌಂಟರ್ ಹುಡುಗನ ಕಡೆ ತಿರುಗಿ, "ನಿನಗೆ?" ಅವನು ಕಿವಿ ಮುಚ್ಚಿಕೊಂಡು "ಸಖತ್ ಜೋರಾಗಿದೆ ಸರ್" ಎಂದ. ಟಿವಿ ನೋಡಲು ಬಂದಿದ್ದ ಒಂದು ಸಂಸಾರ ನಮ್ಮ ಕಡೆ ತಿರುಗಿತು. ಅಷ್ಟಕ್ಕೇ ಬಿಡಲಿಲ್ಲ ನೀವು. ನನ್ನ ಹೆಂಡತಿಯನ್ನು ಕೇಳಿದಿರಿ: "ಆಂಟಿ, ಅಂಕಲ್ ಮನೇಲಿ ಟಿವಿ ವಾಲ್ಯೂಮ್ ಜಾಸ್ತಿ ಇಡ್ತಾರಾ?" ಆಕೆ ಸುಳ್ಳು ಹೇಳುವವಳಲ್ಲ. ಹೌದು ಎಂದಳು. ಆ ಸಂಸಾರದ ಚಿಕ್ಕ ಮಗು ಕೂಡ ನಕ್ಕಿತು.

ಒಂದು ಸಂಶಯ ಕೇಳಲೇ? ನನ್ನ ಬಲಗಿವಿ ಮಂದ ಅಂತಲೇ ಇಟ್ಟುಕೊಳ್ಳೋಣ. ಮನೆಯಲ್ಲಿ ಸ್ಪೀಕರಿಗೆ ಬೆನ್ನು ಹಾಕಿ ನಿಂತು ನೋಡಿದ್ದೆ. ಆಗ ಮಂಕು ಎಡಗಿವಿಗೆ ಬಂತು. ನಾನು ತಿರುಗಿದಾಗಲೆಲ್ಲ ನನ್ನ ಕಾಯಿಲೆ ಒಂದು ಕಿವಿಯಿಂದ ಇನ್ನೊಂದಕ್ಕೆ ಹಾರುತ್ತದಾ? ಮೀಟು ಕೇಳಲು 15 ಕಿಲೋಹರ್ಟ್ಸ್ ಬೇಕಾಗಿಲ್ಲ, ಸ್ವಾಮಿ. ಈ ಟ್ವೀಟರ್ ಕೆಲಸ ಶುರು ಮಾಡುವುದೇ 2.5 ಕಿಲೋಹರ್ಟ್ಸ್‌ನಿಂದ. ಕ್ಯಾಟಲಾಗಿನ ಎರಡನೇ ಪುಟದಲ್ಲಿದೆ. ಮಾರುವವರು ಒಮ್ಮೆ ಓದಬಹುದು.

ಕಿವಿ ತೋರಿಸುವುದಕ್ಕೆ ಮೈಸೂರಿನವರಾದ ನಾವು ಮೊಬೈಲ್ ಆ್ಯಪ್ ನಂಬಬೇಕಾಗಿಲ್ಲ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲೇ ಮಾನಸಗಂಗೋತ್ರಿಯಲ್ಲಿದೆ. ಹೋಗಿ ಬಂದೆ. 250 ಹರ್ಟ್ಸ್‌ನಿಂದ 8 ಕಿಲೋಹರ್ಟ್ಸ್‌ವರೆಗೆ ಎರಡೂ ಕಿವಿ ಒಂದೇ ಸಮ, ವಯಸ್ಸಿಗೆ ತಕ್ಕ ಹಾಗೆ. ವರದಿಯ ಪ್ರತಿ ಇದರ ಜೊತೆಗಿದೆ. ಫ್ರೇಮ್ ಹಾಕಿಸಿ ಆ ಕೌಂಟರಿನ ಮೇಲೆ ನೇತುಹಾಕಿಕೊಳ್ಳಿ.

ಅವತ್ತು "ಚೆಕ್ ಮಾಡ್ತೀವಿ" ಅಂತ ಸ್ಪೀಕರ್ ಇಟ್ಟುಕೊಂಡಿರಿ. ಈಗ ಟ್ವೀಟರ್ ಸುಟ್ಟಿದೆ ಎನ್ನುತ್ತೀರಿ. ಅಂದರೆ ಶನಿವಾರ ಟ್ವೀಟರ್ ಚೆನ್ನಾಗಿತ್ತು, ಕೆಟ್ಟಿದ್ದು ನನ್ನ ಕಿವಿ. ಬುಧವಾರ ಕಿವಿ ಚೆನ್ನಾಗಿದೆ, ಟ್ವೀಟರ್ ಕೆಟ್ಟಿದೆ, ಕೆಡಿಸಿದ್ದು ನಾನು. ನೀವೇ ಜೋಡಿ ಮಾಡಿ ಮಾರಿದ ಎವಿಆರ್‌ನಿಂದ, ಸುಮ್ನೆ ಪ್ರಿಂಟ್ ಮಾಡಿದ ಆ 6 ಓಮ್‌ನಿಂದ! ಮೂರು ದಿನ ಮೆಲ್ಲಗೆ ವೀಣೆ ಕೇಳಿ ಟ್ವೀಟರ್ ಸುಟ್ಟವನು ಇಡೀ ರಾಜ್ಯದಲ್ಲಿ ನಾನೊಬ್ಬನೇ ಇರಬೇಕು.

ಒಂದಕ್ಕೆ ಬೇರೆ ಒಂದು ತಂದು ಕೂಡಿಸುವುದು ಬೇಡ. ಜೊತೆಯನ್ನೇ ಬದಲಿಸಿ, ಇಲ್ಲವೇ ಬಿಲ್ಲಿನ ಪೂರ್ತಿ ಹಣ ವಾಪಸ್ ಕೊಡಿ. ಏಳು ದಿನ ಕಾಯುತ್ತೇನೆ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ಕೆಟ್ಟ ಮಾಲನ್ನು ವಾಪಸ್ ತೆಗೆದುಕೊಳ್ಳದಿರುವುದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಹೆಸರಿದೆ, ನಿಮ್ಮ ವಕೀಲರನ್ನು ಕೇಳಿ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ. ಆಮೇಲೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಾನಿರುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಕುಲುಕಾಟವಾಗದ ಹಾಗೆ ನಿಧಾನವಾಗಿ ಡ್ರೈವ್ ಮಾಡಿಕೊಂಡು ಬರುವ ಸರದಿ ಆಗ ನಿಮ್ಮದು.

ಅದಕ್ಕೂ ಮೊದಲು ಬರುವ ಶನಿವಾರ ಸಂಜೆ, ನಿಮ್ಮಲ್ಲಿ ಜನ ಜಾಸ್ತಿ ಇರುವ ಹೊತ್ತಿಗೆ, ಎಡಗಡೆಯ ಸ್ಪೀಕರನ್ನೂ ತರುತ್ತೇನೆ. ಬಲಗಡೆಯದರ ಪಕ್ಕ ನಿಲ್ಲಿಸಿ ವೀಣೆ ಹಾಕುತ್ತೇನೆ. ಒಂದು ನಿಮಿಷ ಅದು, ಒಂದು ನಿಮಿಷ ಇದು. ಬಂದ ಗಿರಾಕಿಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳುತ್ತೇನೆ: ವಯಸ್ಸೆಷ್ಟು, ಕೇಳಿಸ್ತಾ? ನಮ್ಮ ಮನೆಯವರೂ ಬರುತ್ತಾರೆ. ಆಕೆ ಸುಳ್ಳು ಹೇಳುವುದಿಲ್ಲ, ನಿಮಗೆ ಗೊತ್ತೇ ಇದೆ.

ಇಂತಿ,
ಕುವೆಂಪುನಗರ, ಮೈಸೂರಿನಿಂದ
ನಿಮ್ಮ ಕಿವಿ ಮಂದವಾದ ಗಿರಾಕಿ