ಲಕ್ಷಕ್ಕೆ ಹದಿನೈದರಲ್ಲಿ ನಾನೂ ಒಬ್ಬ

ಮಾನ್ಯ ಸಂಪಾದಕರೇ,

ಟೆಕ್ಸಾಸ್ ಮತದಾರರ ಪಟ್ಟಿಯಲ್ಲಿ 2,724 ಮಂದಿ ಪರದೇಶದವರು ಸಿಕ್ಕಿಬಿದ್ದರು ಎಂಬರ್ಥದ ತಲೆಬರಹವನ್ನು ನಿಮ್ಮ ವಿದೇಶ ಪುಟದಲ್ಲಿ ಕಂಡೆ. ನಾನು ಕಾಣುವ ಮುಂಚೆಯೇ ಅರಸೀಕೆರೆಯ ನನ್ನ ಭಾವಮೈದುನ ಕಂಡಿದ್ದ. ಅವನಿಗೆ ಮಧ್ಯಾಹ್ನದ ಊಟ ಮುಗಿದ ಹೊತ್ತು, ನಮಗೆ ರಾತ್ರಿ ಒಂದೂವರೆ. ಫೋನ್ ಮಾಡಿ, ‘ಏನ್ ಭಾವ, ನಿಮ್ಮೆಸ್ರೂ ಐತಾ ಅದ್ರಲ್ಲಿ?’ ಎಂದು ಕಿಸಕ್ಕನೆ ನಕ್ಕ.

ಇದೆ ಸ್ವಾಮಿ, ನನ್ನ ಹೆಸರೂ ಇದೆ. ಇತ್ತು ಎನ್ನಬೇಕು, ನಿನ್ನೆ ಮಧ್ಯಾಹ್ನದವರೆಗೆ.

‘ಸಿಕ್ಕಿಬಿದ್ದರು’ ಎಂದು ಅಚ್ಚು ಹಾಕುವ ಮುಂಚೆ ನಿಮ್ಮವರು ಮೂಲ ಪ್ರಕಟಣೆಯನ್ನು ಒಂದು ಸಲ ಓದಬಹುದಿತ್ತು. 2025ರ ಅಕ್ಟೋಬರ್ 20ರಂದು ರಾಜ್ಯದಲ್ಲಿ ಚುನಾವಣೆಯ ಉಸ್ತುವಾರಿ ನೋಡುವ ಸೆಕ್ರೆಟರಿ ಆಫ್ ಸ್ಟೇಟ್ ಜೇನ್ ನೆಲ್ಸನ್ ಅವರ ಕಚೇರಿ ಹೇಳಿದ್ದು, ಇವರು ಪ್ರಜೆಗಳಲ್ಲದವರು ‘ಇರಬಹುದು’ ಎಂದು. ಆ ‘ಇರಬಹುದು’ ಸಮುದ್ರ ದಾಟುವಾಗ ಎಲ್ಲಿ ಬಿದ್ದುಹೋಯಿತೋ. ಜರಡಿ ಹಿಡಿದದ್ದು 1 ಕೋಟಿ 80 ಲಕ್ಷಕ್ಕೂ ಹೆಚ್ಚು ಹೆಸರುಗಳನ್ನು. ಲೆಕ್ಕ ಹಾಕಿ, ಲಕ್ಷಕ್ಕೆ ಹದಿನೈದು ಜನ. ಆ ಹದಿನೈದರಲ್ಲಿ ಎಷ್ಟು ಜನ ನನ್ನಂಥವರೋ! ಮುಂಚೆಯೇ ಪೌರತ್ವದ ದಾಖಲೆ ತೋರಿಸಿದವರ ಹೆಸರೂ ಪಟ್ಟಿಯಲ್ಲಿ ಸೇರಿದೆ ಎಂದು ಇಲ್ಲಿಯ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಅಧಿಕಾರಿಗಳೇ ಹೇಳಿದ್ದಾರೆ. ಅದು ನಿಮ್ಮ ವರದಿಯಲ್ಲಿ ಒಂದು ಸಾಲೂ ಇಲ್ಲ.

ನನ್ನ ಕಥೆ ಕೇಳಿ. ದೀಪಾವಳಿಗೆ ಊರಿಗೆ ಬಂದಿದ್ದೆವು. ತಿರುಗಿ ಬಂದು ಅಂಚೆ ಡಬ್ಬಿ ತೆಗೆದರೆ ಪಿಜ್ಜಾ ಕೂಪನ್‌ಗಳ ನಡುವೆ ಒಂದು ಲಕೋಟೆ. ಮೂವತ್ತು ದಿನದೊಳಗೆ ಪ್ರಜೆ ಎಂದು ರುಜುವಾತು ಮಾಡಿ, ಇಲ್ಲದಿದ್ದರೆ ಹೆಸರು ರದ್ದು. ಮೂವತ್ತರಲ್ಲಿ ಇಪ್ಪತ್ತೊಂದು ದಿನ ಡಬ್ಬಿಯೊಳಗೇ ಕಳೆದಿತ್ತು. ರಿಜಿಸ್ಟರ್ಡ್ ಪೋಸ್ಟ್ ಇಲ್ಲ, ಫೋನ್ ಇಲ್ಲ. ನೀರಿನ ಬಿಲ್ ಎರಡು ದಿನ ತಡವಾದರೆ ಮೂರು ಸಲ ಮೆಸೇಜ್ ಕಳಿಸುವ ಊರು ಇದು. ಇನ್ನೂ ಹತ್ತು ದಿನ ಅರಸೀಕೆರೆಯಲ್ಲೇ ಹೋಳಿಗೆ ತಿನ್ನುತ್ತಾ ಕೂತಿದ್ದರೆ ನನ್ನ ಮತ ಅಲ್ಲಿಗೆ ಮುಗಿದಿತ್ತು.

2014ರಲ್ಲಿ ಕೈ ಎತ್ತಿ ಪ್ರಮಾಣ ಮಾಡಿ ಪ್ರಜೆಯಾದವನು ನಾನು. ಅಂದಿನಿಂದ ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ. ಇಲ್ಲಿ ಪ್ರಜೆಯಲ್ಲದವನು ಫೆಡರಲ್, ಅಂದರೆ ಕೇಂದ್ರದ, ಚುನಾವಣೆಯಲ್ಲಿ ಮತ ಹಾಕಿದರೆ 1996ರ ಕಾನೂನಿನಂತೆ ಜೈಲು, ಮೇಲೆ ಗಡೀಪಾರು. ಅಂದರೆ ಆ ಲಕೋಟೆ ನನಗೆ ಹೇಳಿದ್ದು, ನೀನು ಹನ್ನೊಂದು ವರ್ಷದಿಂದ ಅಪರಾಧ ಮಾಡುತ್ತಾ ಬಂದಿರಬಹುದು, ಬಿಡುವಾದಾಗ ಉತ್ತರಿಸು ಎಂದು. ನನ್ನ ಹೆಂಡತಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ.

ಪೌರತ್ವದ ಪ್ರಮಾಣಪತ್ರ ಇದ್ದದ್ದು ದೇವರ ಮನೆಯ ಕಪಾಟಿನಲ್ಲಿ, ವರಮಹಾಲಕ್ಷ್ಮಿಗೆ ಉಡಿಸುವ ಸೀರೆಯ ಕೆಳಗೆ. ನೋಟಿಸು ಹೇಳುತ್ತದೆ, ನಕಲು ಕಳಿಸಿ ಎಂದು. ಪ್ರಮಾಣಪತ್ರದ ಮೇಲೆಯೇ ಅಚ್ಚಾಗಿದೆ, ಅನುಮತಿಯಿಲ್ಲದೆ ಇದರ ನಕಲು ತೆಗೆಯುವುದು ಶಿಕ್ಷಾರ್ಹ ಎಂದು. ಯಾವ ಕಾಗದದ ಮಾತು ಕೇಳಲಿ? ಎರಡೂ ಬೇಡ ಎಂದು ಮೂಲವನ್ನೇ ಕಂಕುಳಲ್ಲಿ ಇಟ್ಟುಕೊಂಡು, ಪಾಸ್‌ಪೋರ್ಟನ್ನೂ ಹಿಡಿದು ನಮ್ಮ ಕೌಂಟಿ ಕಚೇರಿಗೆ ಹೋದೆ. ಶುಕ್ರವಾರ ಹೋದರೆ ನೋಡಬೇಕಾದವರು ರಜೆ, ಸೋಮವಾರ ಬನ್ನಿ. ನಿನ್ನೆ ಹೋದರೆ ಎರಡೂಕಾಲು ಗಂಟೆ ಕುರ್ಚಿ ಕಾದೆ. ಕೊನೆಗೆ ಕೌಂಟರಿನ ಆಯಮ್ಮ ಪಾಸ್‌ಪೋರ್ಟ್ ನೋಡಿ, ಏನೋ ಕುಟ್ಟಿ, ನಾಲ್ಕೇ ನಿಮಿಷದಲ್ಲಿ ‘ಯೂ ಆರ್ ಆಲ್ ಸೆಟ್’ ಎಂದರು. ಮತ್ತೆ ಇಂಥ ನೋಟಿಸು ಬರುತ್ತದೆಯೇ ಎಂದು ಕೇಳಿದೆ. ಅದನ್ನು ನಾವು ಹೇಳಲಾಗದು, ಪಟ್ಟಿ ಮೇಲಿನಿಂದ ಬರುತ್ತದೆ ಎಂದರು. ಮೇಲಿನಿಂದ ಅಂದರೆ ಆಕಾಶದಿಂದಲೋ ಏನೋ. ಎರಡು ದಿನದ ರಜೆ ಹೋಯಿತು, ಕ್ಷಮಿಸಿ ಎಂಬ ಒಂದು ಮಾತಿಲ್ಲ.

ಮೇಲೆ ಕೂತಿರುವುದು ಫೆಡರಲ್ ಸರ್ಕಾರದ ‘ಸೇವ್’ ಎಂಬ ಕಂಪ್ಯೂಟರ್ ವ್ಯವಸ್ಥೆ. ಹೆಸರು ಕೇಳಿದ ನನ್ನ ಹೆಂಡತಿ ಖಾರಾಸೇವು ಒತ್ತುವ ಒರಳಿರಬೇಕು ಅಂದಳು. ಅವಳ ಮಾತೇ ಸರಿ. 1986ರ ವಲಸೆ ಕಾನೂನಿನ ಬೆನ್ನಿಗೆ, ವಲಸಿಗರು ಸರ್ಕಾರಿ ಸವಲತ್ತಿಗೆ ಅರ್ಹರೋ ಅಲ್ಲವೋ ಎಂದು ನೋಡಲು ಮಾಡಿದ್ದು ಅದು. 2025ರಲ್ಲಿ ಫೆಡರಲ್ ಸರ್ಕಾರದವರು ಅದಕ್ಕೆ ಪಿಂಚಣಿ ನೋಡಿಕೊಳ್ಳುವ ಸೋಶಿಯಲ್ ಸೆಕ್ಯುರಿಟಿ ಇಲಾಖೆಯ ಕಡತ ಜೋಡಿಸಿ, ರಾಜ್ಯಗಳೇ, ನಿಮ್ಮ ಪಟ್ಟಿ ಇಡಿಯಾಗಿ ಸುರಿಯಿರಿ, ದುಡ್ಡು ಬೇಡ ಎಂದರು. ನಮ್ಮ ರಾಜ್ಯ ಸುರಿಯಿತು. ಆದರೆ ಸೋಶಿಯಲ್ ಸೆಕ್ಯುರಿಟಿಯವರ ಕಡತ ಹಳೆಯದು. ನಾವು ಪ್ರಜೆಯಾದದ್ದನ್ನು ನಾವೇ ಹೋಗಿ ತಿಳಿಸದಿದ್ದರೆ ಹಸಿರು ಕಾರ್ಡಿನ, ಅಂದರೆ ಕಾಯಂ ವಾಸದ ಪರವಾನಗಿಯ, ಕಾಲದ ವಿವರವೇ ಅದರಲ್ಲಿ ಉಳಿದಿರಬಹುದು. ನಾನು ಹೋಗಿರಲಿಲ್ಲ, ಒಪ್ಪುತ್ತೇನೆ. ‘ಅವತ್ತೇ ಹೋಗಿ ಬನ್ನಿ ಅಂತ ಬಡ್ಕೊಂಡೆ’ ಎಂದು ಮನೆಯಲ್ಲಿ ಈಗ ದಿನಕ್ಕೆರಡು ಸಲ ಕೇಳುತ್ತಿದ್ದೇನೆ. ಆದರೂ ಪ್ರಮಾಣ ಬೋಧಿಸಿದ್ದೂ ಫೆಡರಲ್ ಸರ್ಕಾರ, ಆ ಕಡತ ಇಟ್ಟಿರುವುದೂ ಫೆಡರಲ್ ಸರ್ಕಾರ. ಒಂದೇ ಮನೆಯ ಅಡುಗೆಮನೆಗೂ ಪಡಸಾಲೆಗೂ ಮಾತಿಲ್ಲದಿದ್ದರೆ ಉಪವಾಸ ಬೀಳಬೇಕಾದ್ದು ಬಂದ ನೆಂಟರೇ?

ನನ್ನ ಹೆಸರಿನ ಗೋಳು ಬೇರೆ. ನಮ್ಮ ಕಡೆಯವರಿಗೆ ಮನೆತನದ ಹೆಸರು ಎಲ್ಲಿಯದು? 1999ರಲ್ಲಿ ಬಂದಾಗ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿತ್ತು. ವೀಸಾದವರು ಮುಂದೆ ‘ಎಫ್‌ಎನ್‌ಯು’ ಎಂದು ಅಂಟಿಸಿದರು, ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಹದಿನೈದು ವರ್ಷ ಬ್ಯಾಂಕಿನವರು, ದಂತವೈದ್ಯರು ಎಲ್ಲರೂ ನನ್ನನ್ನು ಮಿಸ್ಟರ್ ಫ್ನೂ ಎಂದೇ ಕರೆದರು. ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ ಒಬ್ಬಾತ ಅದನ್ನೇ ಅಪ್ಪನ ಹೆಸರು ಎಂದು ಬರೆದುಕೊಂಡ. ತಿದ್ದಿಸಲು ಹೋದ ಅಲೆದಾಟ ಬರೆದರೆ ನಿಮ್ಮ ಪುಟ ಸಾಲದು. ಇಂಥ ಮೂರು ಹೆಸರಿನ ಮನುಷ್ಯನನ್ನು ಕಂಪ್ಯೂಟರ್ ಅರೆ ಕ್ಷಣದಲ್ಲಿ ಅಳೆದುಬಿಡುತ್ತದಂತೆ.

ಇದೇ ಟೆಕ್ಸಾಸ್ 2019ರ ಜನವರಿಯಲ್ಲೂ, ಪ್ರಜೆಗಳಲ್ಲದವರು ಇರಬಹುದು ಎಂದು 95,000 ಹೆಸರಿನ ಪಟ್ಟಿ ತೆಗೆದು ಡಂಗುರ ಸಾರಿತ್ತು. ಲೈಸೆನ್ಸ್ ಪಡೆದ ಮೇಲೆ ಪ್ರಜೆಗಳಾದವರನ್ನೆಲ್ಲ ಅದರಲ್ಲಿ ತುರುಕಿದ್ದರು. ಕೆಲವೇ ದಿನಗಳಲ್ಲಿ ಸಾವಿರಾರು ಹೆಸರು ತಪ್ಪೆಂದು ಗೊತ್ತಾಯಿತು. ಕೇಸು ಬಿತ್ತು, ರಾಜ್ಯ ರಾಜಿ ಮಾಡಿಕೊಂಡು 4,50,000 ಡಾಲರ್ ತೆತ್ತಿತು, ಆಗಿನ ಸೆಕ್ರೆಟರಿ ಡೇವಿಡ್ ವಿಟ್ಲಿ ಮೇ ತಿಂಗಳಲ್ಲಿ ಮನೆಗೆ ಹೋದರು. ಆ ದುಡ್ಡು ನಮ್ಮದೇ ತೆರಿಗೆ. ಪಾಠ ಕಲಿತರೇ? ಎಲ್ಲಿ!

ಈಗಂತೂ ವಾಷಿಂಗ್ಟನ್ನಿಗೂ ರಾಜ್ಯಗಳಿಗೂ ಕುಸ್ತಿ. ಚುನಾವಣೆ ನಡೆಸುವುದು ರಾಜ್ಯಗಳ ಕೆಲಸ ಎನ್ನುತ್ತದೆ ಸಂವಿಧಾನ, ಬದಲಿಸುವ ಅಧಿಕಾರ ಕೊಟ್ಟಿರುವುದು ಕಾಂಗ್ರೆಸ್ಸಿಗೆ, ಅಂದರೆ ಇಲ್ಲಿಯ ಸಂಸತ್ತಿಗೆ. ಆದರೂ ಅಧ್ಯಕ್ಷ ಟ್ರಂಪ್ 2025ರ ಮಾರ್ಚ್ 25ರಂದು ಒಂದು ಆದೇಶ ಹೊರಡಿಸಿ, ಹೆಸರು ಸೇರಿಸುವ ಫೆಡರಲ್ ಅರ್ಜಿಗೆ ಪೌರತ್ವದ ದಾಖಲೆ ಲಗತ್ತಿಸಬೇಕು ಎಂದರು. ಅದೇ ವರ್ಷ ಅಕ್ಟೋಬರ್ 31ರಂದು ಫೆಡರಲ್ ನ್ಯಾಯಾಧೀಶೆ ಕೊಲೀನ್ ಕೊಲ್ಲರ್-ಕೊಟೆಲಿ ಅದಕ್ಕೆ ಕಾಯಂ ತಡೆ ಹಾಕಿದರು. ಇತ್ತ ಮತದಾರರ ಪೂರ್ತಿ ಪಟ್ಟಿ ಕೊಡುವುದಿಲ್ಲ ಎಂದ ಮೇನ್, ಆರೆಗನ್, ಕ್ಯಾಲಿಫೋರ್ನಿಯಾ, ಮಿನ್ನೆಸೋಟ ಮೊದಲಾದ ರಾಜ್ಯಗಳ ಮೇಲೆ ಫೆಡರಲ್ ನ್ಯಾಯ ಇಲಾಖೆಯೇ ಆ ವರ್ಷದ ಸೆಪ್ಟೆಂಬರ್‌ನಲ್ಲಿ ದಾವೆ ಹೂಡಿತು. ಕೋಣಗಳೆರಡರ ಜಗಳದಲ್ಲಿ ಗಿಡ ನಾವು.

ಭಾವಮೈದುನನಿಗೆ ಇನ್ನೊಂದು ಖುಷಿಯೂ ಇತ್ತು. 2025ರ ಆಗಸ್ಟಿನಲ್ಲಿ ಬಿಹಾರದ ಕರಡು ಮತದಾರರ ಪಟ್ಟಿಯಿಂದ 65 ಲಕ್ಷ ಹೆಸರು ಹೋದಾಗ ಅವನಿಗೆ ಇಲ್ಲಿಂದ ಉಪದೇಶ ಮಾಡಿದ್ದೆ, ಕಾಗದ ಸರಿಯಾಗಿ ಇಟ್ಟುಕೊಂಡವರಿಗೆ ಏನು ಭಯ ಎಂದು. ಅದನ್ನೇ ಅಕ್ಷರ ಬಿಡದೆ ನನಗೆ ತಿರುಗಿಸಿ ಹೇಳಿದ.

ಅಕ್ರಮವಾಗಿ ಮತ ಹಾಕಿದವನಿದ್ದರೆ ಹಿಡಿಯಲಿ, ಬೇಡ ಎಂದವರು ಯಾರು? ಹಿಡಿಯುವ ಮುಂಚೆ ತಮ್ಮದೇ ಕಡತ ತೆಗೆದು ನೋಡಲಿ. ಇಲ್ಲವೇ ಇಲ್ಲಿ ಹುಟ್ಟಿದವರಿಗೂ ನಮಗೂ ಒಂದೇ ಥರ ನೋಟಿಸು ಕಳಿಸಿ ಎಲ್ಲರನ್ನೂ ಎರಡೂಕಾಲು ಗಂಟೆ ಕೂರಿಸಲಿ. ಸಂಬಂಧಪಟ್ಟವರು ಇನ್ನಾದರೂ ಇತ್ತ ಗಮನ ಹರಿಸಬೇಕು. ಸಂಬಂಧಪಟ್ಟವರು ರಾಜ್ಯದ ರಾಜಧಾನಿ ಆಸ್ಟಿನ್‌ನಲ್ಲಿದ್ದಾರೋ ವಾಷಿಂಗ್ಟನ್ನಿನಲ್ಲಿದ್ದಾರೋ ಎಂಬುದನ್ನು ಮೊದಲು ಅವರೇ ತಮ್ಮ ತಮ್ಮಲ್ಲಿ ತೀರ್ಮಾನಿಸಿಕೊಳ್ಳಲಿ. ನಿಮ್ಮ ವಿದೇಶ ಪುಟದವರೂ ಆ ‘ಇರಬಹುದು’ ಎಂಬ ಪದವನ್ನು ಹುಡುಕಿ, ಅದೇ ಜಾಗದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಲಿ. ಭಾವಮೈದುನನಿಗೆ ಕಾಣುವಂತಿರಲಿ.

— ನೊಂದ ಓದುಗ, ಟೆಕ್ಸಾಸ್ (ಮೂಲ ಅರಸೀಕೆರೆ)