ಶ್ರುತಿ ಇಳಿಸಿ ಹಾಡು

ಪ್ರೀತಿಯ ಮಗಳೇ,

ಆಶೀರ್ವಾದಗಳು. ಹಾಡಿನ ತರಗತಿಯಲ್ಲಿ ಯಾರೋ ನಿನ್ನದು ಗಂಡುಕಂಠ ಎಂದರಂತೆ. ಅಂದಿನಿಂದ ಶ್ರುತಿ ಏರಿಸಿಕೊಂಡು ಹಾಡುತ್ತಿದ್ದೀಯೆ ಎಂದು ನಿನ್ನಮ್ಮ ಹೇಳಿದಳು. ನೀನು ಕಳಿಸಿದ ಹಾಡನ್ನು ಮೂರು ಸಲ ಕೇಳಿದೆ. ತಾರ ಷಡ್ಜ, ಅಂದರೆ ಮೇಲಿನ ‘ಸ’, ಹತ್ತಿರವಾದಂತೆ ದನಿ ನೂಲಿನ ಎಳೆಯಾಗುತ್ತದೆ. ಸಾಲು ಮುಗಿಯುವ ಮೊದಲೇ ಉಸಿರು ತೀರುತ್ತದೆ. ಹಾಡು ಮುಗಿಸಿ ‘ಸಾಕಾ?’ ಎಂದು ಕೇಳಿದ್ದೀಯಲ್ಲ, ಆ ಒಂದು ಪದದಲ್ಲಿರುವಷ್ಟು ತುಂಬುದನಿ ಇಡೀ ಹಾಡಿನಲ್ಲಿ ಎಲ್ಲಿಯೂ ಇಲ್ಲ.

ಹೆಣ್ಣಿನ ಧ್ವನಿತಂತುಗಳು ಸಾಮಾನ್ಯವಾಗಿ ಗಂಡಿನವಕ್ಕಿಂತ ಗಿಡ್ಡ. ಮಾತನಾಡುವಾಗ ಸೆಕೆಂಡಿಗೆ ಸುಮಾರು 200 ಸಲ ಕಂಪಿಸುತ್ತವೆ, ಗಂಡಿನವು ಸುಮಾರು 120 ಸಲ. ಕಂಪನ ಹೆಚ್ಚಿದಷ್ಟೂ ದನಿ ಮೇಲೇರುತ್ತದೆ. ಇಷ್ಟು ದೇಹದ ಪಾಲು. ಉಳಿದದ್ದನ್ನು ಸುತ್ತಲಿನವರನ್ನು ನೋಡಿ ಕಲಿಯುತ್ತೇವೆ. ಆಸ್ಟ್ರೇಲಿಯಾದಲ್ಲಿ 1945ರ ಯುವತಿಯರ ಧ್ವನಿಮುದ್ರಣಗಳನ್ನು 1993ರವುಗಳ ಜೊತೆ ಹೋಲಿಸಿದಾಗ ಸರಾಸರಿ ಕಂಪನ 229ರಿಂದ 206ಕ್ಕೆ ಇಳಿದಿತ್ತು. ಅಷ್ಟರೊಳಗೆ ಹೆಂಗಸರ ಗಂಟಲಿನ ರಚನೆಯೇ ಬದಲಾಯಿತು ಎಂದು ನಾನಂತೂ ನಂಬಲಾರೆ.

ಇದರಲ್ಲಿ ಗೆಲ್ಲುವ ದಾರಿಯೂ ಇಲ್ಲ ನೋಡು. ಹಾಡುವಾಗ ಮೇಲೇರು ಎನ್ನುವ ಜನರೇ ಸಭೆಯಲ್ಲಿ ಮಾತಿಗೆ ನಿಂತರೆ ಕಿರುಚಬೇಡ ಎನ್ನುತ್ತಾರೆ. ಬ್ರಿಟನ್ನಿನ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್ ಕೂಡ ತರಬೇತಿ ಪಡೆದು ದನಿ ತಗ್ಗಿಸಿಕೊಂಡವರು.

ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಧ್ವನಿಮುದ್ರಿಕೆ ಸಿಕ್ಕರೆ ಕೇಳು. ಚೂಪಾದ ಸಣ್ಣ ಕಂಠ. ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ಭಾರವಾಯಿತು. ಅವರು ಕಳೆದುಹೋದ ದನಿಯ ಬೆನ್ನು ಹತ್ತದೆ, ಉಳಿದ ದನಿಯಲ್ಲೇ ಹಾಡಿದರು. ಕಣ್ಣು ಮುಚ್ಚಿ ಕೇಳಿದರೆ ಗಂಡಸಿನದೋ ಎನ್ನಿಸುವ ಆ ಕಂಠಕ್ಕೆ 2002ರಲ್ಲಿ ಪದ್ಮವಿಭೂಷಣ ಬಂತು.

ನನ್ನ ಕಥೆ ಅಷ್ಟು ದೊಡ್ಡದಲ್ಲ. ಕಚೇರಿಯ ಫೋನಿಗೊಂದು ದನಿ, ಮನೆಗೊಂದು ದನಿ ಇಟ್ಟುಕೊಂಡು ವರ್ಷಗಟ್ಟಲೆ ದುಡಿದೆ. ಫೋನಿನದು ಸಣ್ಣದು, ನಯವಾದದ್ದು, ಪೂರಾ ಸುಳ್ಳು. ಸಂಜೆಯಾದರೆ ಗಂಟಲು ಉರಿ. ಕೊನೆಗೆ ವೈದ್ಯರು ನೋಡಿ, ಧ್ವನಿತಂತುಗಳ ಮೇಲೆ ಗಂಟು ಎದ್ದಿದೆ ಎಂದರು. ತಿಂಗಳುಗಟ್ಟಲೆ ಮಾತು ಹೊಸದಾಗಿ ಕಲಿಯಬೇಕಾಯಿತು.

ಆಗ ಕಲಿತದ್ದನ್ನು ಹೇಳುತ್ತೇನೆ. ಯಾರದೋ ಮಾತಿಗೆ ಒಪ್ಪಿ ತಲೆಯಾಡಿಸುವ ಹಾಗೆ ಬಾಯಿ ಮುಚ್ಚಿ ‘ಹ್ಞೂಂ’ ಎನ್ನು. ತುಟಿಯ ಹತ್ತಿರ ಸಣ್ಣಗೆ ಝುಂ ಎಂದರೆ ನಿನ್ನ ಮಾತಿನ ಜಾಗ ಅದೇ. ತಂಬೂರಿ ಆ್ಯಪ್‌ನಲ್ಲಿ ಶ್ರುತಿಯನ್ನು ಅರ್ಧರ್ಧ ಸ್ವರದಷ್ಟು ಇಳಿಸುತ್ತಾ ಹೋಗು. ಮಂದ್ರ ಪಂಚಮ, ಅಂದರೆ ಕೆಳಗಿನ ‘ಪ’, ಬರೀ ಗಾಳಿಯಾಗದೆ ನಿಲ್ಲಬೇಕು, ಮೇಲಿನ ಸ್ವರಗಳು ಹುಬ್ಬು ಏರಿಸದೆ ಸಿಗಬೇಕು. ಹಟಕ್ಕೆ ಬಿದ್ದು ತೀರಾ ಕೆಳಗೆ ದೂಡಿಬಿಡಬೇಡ, ಅದೂ ವೇಷವೇ. ಮೇಲಿನ ತೆಳು ದನಿಯನ್ನೂ ಬಿಡಬೇಡ, ಬೇಕೆನ್ನಿಸಿದಾಗ ಬಳಸು.

ಅದೇ ಹಾಡನ್ನು ಹೊಸ ಶ್ರುತಿಯಲ್ಲಿ ಹಾಡಿ ಕಳಿಸು. ಕೊನೆಯಲ್ಲಿ ‘ಸಾಕಾ?’ ಎನ್ನುವುದನ್ನು ಮರೆಯಬೇಡ, ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳುತ್ತೇನೆ.

ನಿನ್ನ
ದೊಡ್ಡಮ್ಮ